ಪಲ್ ಡಾಕ್ಟರ್ ಮನೆಯಲ್ಲಿ ನಾವು

ನುಂಗಂಬಾಕ್ಕಂನ ನಮ್ಮ ಬೀದೀಲಿ, ನಾವು ಊರಿಗೆ ಹೋಗಿ ಬರೋದರೊಳಗೆ ಒಂದು ಮನೆ ಮಾಯವಾಗಿರುತ್ತೆ. ಹೋಗುವಾಗ ತುಳಸಿಕಟ್ಟೆ ಇದ್ದ ಕಡೆ, ಬರುವಾಗ ಜಲ್ಲಿ ರಾಶಿ. ಆದರೆ ಬಿಟ್ಟುಹೋದವರ ಹೆಸರು ಮಾತ್ರ ಬೀದಿ ಬಿಟ್ಟು ಹೋಗಲ್ಲ. ಎಡವಟ್ಟಾಗೋದಕ್ಕೆ ಇಷ್ಟೇ ಸಾಕು. ಸಾಲದ್ದಕ್ಕೆ ಹಾಸನದಿಂದ ಬಂದ ನಮ್ಮತ್ತೆ ಬೇರೆ ಇದ್ದಾರೆ.

೧. ಹಲ್ಲು

ನಮ್ಮ ಬಾಡಿಗೆ ಮನೇಲಿ ಹಿಂದೆ ಒಬ್ಬ ಹಲ್ಲಿನ ಡಾಕ್ಟರ್ ಇದ್ದರಂತೆ. ಅವರು ಬಿಟ್ಟು ಎಷ್ಟೋ ವರ್ಷವಾಯ್ತು. ಹಳೇ ನಂಬರ್, ಹೊಸ ನಂಬರ್ ಎರಡೂ ಹೇಳಿದ್ರೂ ಆಟೋದವರಿಗೆ ತಿಳಿಯಲ್ಲ. ‘ಪಲ್ ಡಾಕ್ಟರ್ ವೀಡು’ ಅಂದ್ರೆ ಸೀದಾ ಗೇಟಿಗೇ ತಂದು ಬಿಡ್ತಾರೆ.

ಒಂದು ಬೆಳಿಗ್ಗೆ ದವಡೆ ಊದಿಸಿಕೊಂಡ ಒಬ್ಬರು ಬಂದು ಜಗುಲಿ ಮೇಲೆ ಕೂತೇಬಿಟ್ರು. ನಮ್ಮ ಯಜಮಾನರು ಅರೆಬರೆ ತಮಿಳಲ್ಲಿ, ಡಾಕ್ಟರ್ ಇಲ್ಲ, ನಾನು ಬ್ಯಾಂಕಿನವನು ಅಂದ್ರು. ಅವರು ಬಾಯಿ ತೆರೆದುಕೊಂಡೇ, ‘ಪರವಾಯಿಲ್ಲೆ, ನೀಂಗಳೇ ಪಾರುಂಗ’ ಅಂದ್ರು. ಪರವಾಗಿಲ್ಲ, ನೀವೇ ನೋಡಿ ಅಂತ. ಅತ್ತೆ ಒಳಗಿಂದ ಎರಡು ಲವಂಗ ತಂದು ಕೈಗೆ ಹಾಕಿ ಕಳಿಸಿದ್ರು.

ಮುಂದಿನ ವಾರ ಹೆಂಡತೀನೂ ಕರ್ಕೊಂಡು ಬಂದ್ರು.

೨. ಕೀಳು

ಆಗ ನಾವು ಕೆಳಗಿನ ಭಾಗದಲ್ಲಿದ್ವಿ, ಮಹಡಿ ಮೇಲೆ ಒಬ್ಬ ತಮಿಳು ಮಾಮಿ. ಒಂದು ದಿನ ಮಾಮಿ ತರಕಾರಿ ಗಾಡಿಯವನಿಗೆ ಮೇಲಿಂದಲೇ ನಮ್ಮ ಬಾಗಿಲು ತೋರಿಸಿ, ‘ಕೀಳ್ ವೀಟ್ಟುಕ್ಕಾರಂಗ’ ಏನೋ ಕೇಳ್ತಿದ್ರು ನೋಡಪ್ಪ ಅಂದ್ರು. ಅತ್ತೆಗೆ ಸಿಟ್ಟು ನೆತ್ತಿಗೇರಿತು.

‘ಕೇಳಿದ್ಯೇನೇ? ನಾವು ಕೀಳು ಮನೆಯವರಂತೆ. ಮೊನ್ನೆ ತಾನೇ ಚಕ್ಕುಲಿ ಕೊಟ್ಟಿದ್ದೆ.’

‘ತಮಿಳಲ್ಲಿ ಕೀಳ್ ಅಂದ್ರೆ ಕೆಳಗೆ ಅಂತ, ಅತ್ತೆ.’

‘ನೀನು ಅವಳ ಪರ ವಹಿಸ್ಕೊಂಡು ಬರಬೇಡ.’

ಮಾಮಿಗೆ ಚಕ್ಕುಲಿ ನಿಂತಿತು. ಸ್ವಲ್ಪ ದಿನಕ್ಕೆ ಮಾಮಿ ಪೆರಂಬೂರಿಗೆ, ಮಗಳ ಮನೆಗೆ ಹೋದ್ರು. ರಸ್ತೆಗೆ ಟಾರಿನ ಮೇಲೆ ಟಾರು ಹಾಕಿ ನಮ್ಮ ಹೊಸ್ತಿಲು ತಗ್ಗಾಗಿತ್ತು, ಮಳೆ ಬಂದ್ರೆ ನೀರು ಅಡುಗೆಮನೆಗೇ. ಹಾಗಾಗಿ ನಾವು ಮಹಡಿಗೆ ಹೋದ್ವಿ. ಮಾರನೇ ದಿನವೇ ತರಕಾರಿಯವನು ‘ಮೇಲ್ ವೀಟ್ಟಮ್ಮಾ’ ಅಂತ ಕೂಗಿದ.

ಅತ್ತೆ ಸೆರಗು ಸರಿಮಾಡಿಕೊಂಡು, ‘ಈಗ ಬುದ್ಧಿ ಬಂತು ನೋಡು ಇವರಿಗೆ’ ಅಂದ್ರು.

೩. ಮನೆ

ಏನೇ ಅಂದ್ರೂ ಅತ್ತೆಗೆ ಈ ಮನೆ ಅಂದ್ರೆ ಪ್ರಾಣ. ಮಾವ ಹೋದಮೇಲೆ ಅವರಿಗೆ ನೆಟ್ಟಗೆ ನಿದ್ದೆ ಬಂದದ್ದು ಇಲ್ಲಿಯ ಕೆಂಪು ನೆಲದ ಮೇಲೇನೇ. ಹಾಗಾಗಿ ಮಾಲೀಕರು ಗೇಟಿಗೆ ಮಾರಾಟದ ಬೋರ್ಡು ಹಾಕಿಸಿದಾಗ ಅತ್ತೆಗೆ ಹೇಗೆ ಹೇಳೋದು ಅನ್ನೋದೇ ನನಗೆ ಚಿಂತೆಯಾಯ್ತು. ಬಸ್ಸಿನ ಬೋರ್ಡು ನೋಡಿ ನೋಡಿ ತಮಿಳು ಅಕ್ಷರ ಕಲಿತಿದ್ದ ಅತ್ತೆ ಮಾತ್ರ ನಿಧಾನವಾಗಿ ಕೂಡಿಸಿ ಓದಿದ್ರು.

‘ಮ-ನೈ. ಮನೆ ಮಾರಾಟಕ್ಕಿದೆ ಅಂತ ತಾನೆ? ನಮ್ಮ ಮಾತೇ ಹಾಕಿದಾರೆ. ಮಾಲೀಕ ಬದಲಾದ್ರೆ ಏನೀಗ? ಬಂದೋರಿಗೆ ಮನೆ ಹಿಡಿಸಿದ್ರೆ ಬಾಡಿಗೆಗೆ ನಮ್ಮನ್ನೇ ಇಟ್ಕೋತಾರೆ.’

ಒಂದು ಭಾನುವಾರ ಟೇಪು ಹಿಡಿದು ಒಬ್ಬ ಬಿಲ್ಡರ್ ಬಂದ್ರು. ಅತ್ತೆ ಅವರನ್ನ ಮಹಡಿಗೆ ಹತ್ತಿಸಿ, ಕಾಫಿ ಕೊಟ್ಟು, ಕೆಂಪು ನೆಲ, ಗಾಳಿ ಬರೋ ಕಿಟಕಿ, ಅಟ್ಟ, ದೇವರ ಗೂಡು ಎಲ್ಲಾ ತೋರಿಸಿದ್ರು. ಪಾಪ, ಅವರೂ ಎಲ್ಲದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಅಂತ ತಲೆಯಾಡಿಸಿದ್ರು. ಕೊನೆಗೆ ಲೋಟ ಕೆಳಗಿಟ್ಟು, ‘ಅಮ್ಮಾ, ಎಂಗಳುಕ್ಕು ಮನೈ ಮಟ್ಟುಂ ಪೋದುಂ. ವೀಡು ವೇಂಡಾಂ’ ಅಂದ್ರು.

ಅತ್ತೆ ಮಗನ ಮುಖ ನೋಡಿದ್ರು. ‘ಮನೆ ಸಾಕಂತೆ, ವೀಡು ಬೇಡವಂತೆ. ಎರಡೂ ಒಂದೇ ಅಲ್ವೇನೋ?’

ನಮ್ಮ ಯಜಮಾನರು ತಲೆ ತಗ್ಗಿಸಿಕೊಂಡು ಬಿಡಿಸಿ ಹೇಳಿದ್ರು. ‘ತಮಿಳಲ್ಲಿ ಮನೈ ಅಂದ್ರೆ ಬರೀ ಸೈಟು ಕಣಮ್ಮ. ಕಟ್ಟಿರೋ ಮನೆಗೆ ವೀಡು ಅಂತಾರೆ. ಅವರಿಗೆ ಜಾಗ ಸಾಕು, ಇದನ್ನ ಕೆಡವ್ತಾರಂತೆ.’

ಅತ್ತೆ ಕೂತು ಕೆಂಪು ನೆಲ ಸವರಿದ್ರು. ನನಗೆ ಅಳುವೇ ಬಂತು. ಆಮೇಲೆ ಅವರು ಬಿಲ್ಡರ್ ಕಡೆ ತಿರುಗಿ, ತಮ್ಮ ಬೆರಕೆ ತಮಿಳಲ್ಲೇ ಪಂಚಾಯ್ತಿ ತೀರಿಸಿದ್ರು.

‘ಅಷ್ಟೇ ತಾನೆ? ಮನೈ ನೀಂಗ ಎಡುತ್ತುಕ್ಕೋಂಗ, ನೀವೇ ತಗೊಳ್ಳಿ. ನಿಮಗೆ ಬೇಡದ ವೀಡು ನಮಗಿರಲಿ.’