ಒಂಟಿ ಎಲೆಕ್ಟ್ರಾನು ಮತ್ತು ನೀರೊಲೆಯ ಬೂದಿ

ಕೈ ಮುಗಿಯಲು ನನಗೆ ಕೆಂಗಲ್ ಆಂಜನೇಯನೊಬ್ಬನೇ ಸಾಕಾಗಿದ್ದ. ಈಚೆಗೆ ಒಂದು ಯಂತ್ರಕ್ಕೂ ಮುಗಿಯುತ್ತಿದ್ದೇನೆ, ಯಾರೂ ನೋಡದಾಗ. ಹಾರೋಹಳ್ಳಿಯ ಪ್ರಯೋಗಾಲಯವೊಂದರಲ್ಲಿ ಆಹಾರ ಪರೀಕ್ಷಿಸುವುದು ನನ್ನ ಕೆಲಸ. ಯಂತ್ರದ ಹೆಸರು ಎಲೆಕ್ಟ್ರಾನ್ ಪ್ಯಾರಾಮ್ಯಾಗ್ನೆಟಿಕ್ ರೆಸೊನೆನ್ಸ್ ಸ್ಪೆಕ್ಟ್ರೋಮೀಟರ್. ಅದನ್ನು ಒಂದೇ ಉಸಿರಿನಲ್ಲಿ ಹೇಳಲು ನನಗೆ ಎರಡು ತಿಂಗಳು ಹಿಡಿಯಿತು. ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿ ಸಂಸಾರ ಮಾಡಿಕೊಂಡಿರುತ್ತವೆ. ಎಲ್ಲಾದರೂ ಒಂಟಿಗಳಿದ್ದರೆ, ದೊಡ್ಡ ಅಯಸ್ಕಾಂತದ ನಡುವೆ ಇಟ್ಟು ಮೈಕ್ರೋವೇವ್ ಹಾಯಿಸಿದಾಗ, ಸರಿಯಾದ ಹದದಲ್ಲಿ ಅವು ಆ ಅಲೆಯನ್ನು ಚೂರು ನುಂಗುತ್ತವೆ. ಪರದೆಯ ಮೇಲೆ ಗೆರೆ ಏಳುತ್ತದೆ. ಹುಳು, ಬೂಸ್ಟು ಹಿಡಿಯದಿರಲೆಂದು ಮಸಾಲೆಗೆ ವಿಕಿರಣ ಹಾಯಿಸಿದ್ದರೆ ಅಂಥ ಒಂಟಿಗಳು ಹುಟ್ಟಿ ತಿಂಗಳುಗಟ್ಟಲೆ ಉಳಿಯುತ್ತವೆ. ಕಣ್ಣಿಗೆ ಕಾಣದ ಅವುಗಳನ್ನು ಯಂತ್ರ ಹುಡುಕಿ ತೆಗೆಯುವುದನ್ನು ನೋಡಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಪುಡಿ ತುಂಬುವ ಕೊಳವೆಗಳು ಪೆನ್ಸಿಲ್ಲಿಗಿಂತ ಸಣ್ಣ. ಕಲೆ ಹಿಡಿದಿದ್ದ ನಾಲ್ಕನ್ನು ಒಂದು ಭಾನುವಾರ ತೊಳೆಯಲೆಂದು ಮಾಗಡಿಯ ಮನೆಗೆ ಒಯ್ದೆ. ನಾನು ಬ್ರಷ್ ಹುಡುಕುವಷ್ಟರಲ್ಲಿ ಅಮ್ಮ ಪೊರಕೆ ಕಡ್ಡಿಗೆ ಬಟ್ಟೆ ಸುತ್ತಿ, ನೀರೊಲೆಯ ಬೂದಿ ಹಚ್ಚಿ ಉಜ್ಜಿ ಮುಗಿಸಿದ್ದಳು. "ನೋಡ್ಲಾ, ಎಂಗೆ ಫಳಫಳ ಅಂತೈತೆ!" ನಿಜಕ್ಕೂ ಹೊಳೆಯುತ್ತಿದ್ದವು. ನನಗೂ ಹೆಮ್ಮೆಯಾಯಿತು.

ಸೋಮವಾರ ರಾಮನಗರದ ಮಸಾಲೆ ವ್ಯಾಪಾರಿ ಮುಜೀಬ್ ಸಾಹೇಬರು ಒಣಮೆಣಸಿನಕಾಯಿ ಹಿಡಿದು ಬಂದು ಎದುರಿಗೆ ಕೂತರು. ವಿಕಿರಣ ಸೋಕಿದ್ದು ಬೇಡವೆಂದು ಕೊಳ್ಳುವವರ ಕರಾರು. ಪುಡಿ ತುಂಬಿ ಇಟ್ಟೆ. ಗೆರೆ ಎದ್ದಿತು ನೋಡಿ, ಪರದೆ ಸಾಲದಷ್ಟು! ಅದರ ಆಕಾರ ನೋಡುವ ವ್ಯವಧಾನವೂ ಇಲ್ಲದೆ 'ವಿಕಿರಣ ಹಾಯಿಸಿದೆ' ಎಂದು ಬರೆದು ಸಹಿ ಹಾಕಿಬಿಟ್ಟೆ. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಸಾರ್, ಆ ಕಾಯಿಗೆ ಬಿಸ್ಲು ಬುಟ್ರೆ ಇನ್ನೇನೂ ತೋರ್ಸಿಲ್ಲ. ಈ ಮಾಲು ವಾಪಸ್ ಬಂದ್ರೆ ನಮ್ಮಪ್ಪನ ಕಾಲದ ಹೆಸ್ರು ಹೋಯ್ತದೆ."

ನನಗೆ ಸಂಕಟವಾಯಿತು. ಯಂತ್ರ ಸುಳ್ಳು ಹೇಳುವುದಿಲ್ಲ, ಈ ಮನುಷ್ಯರೂ ಹೇಳುವಂತೆ ಕಾಣಲಿಲ್ಲ. ಸುಮ್ಮನೆ, ಅಮ್ಮ ತೊಳೆದವುಗಳಲ್ಲೇ ಒಂದು ಖಾಲಿ ಕೊಳವೆ ಇಟ್ಟು ನೋಡಿದೆ. ಅದೇ ಗೆರೆ, ಅಷ್ಟೇ ಎತ್ತರ! ಬೂದಿಯಲ್ಲಿದ್ದ ಇದ್ದಿಲ ಚೂರಿನಲ್ಲೂ ಒಂಟಿ ಎಲೆಕ್ಟ್ರಾನುಗಳ ಹಿಂಡೇ ಇರುತ್ತದೆ. ಅಮ್ಮನ ಕಣ್ಣಿಗೂ ಬೀಳದ ಮಸಿಯನ್ನು ಯಂತ್ರ ಎತ್ತಿ ಹಿಡಿದಿತ್ತು. ಸಾಹೇಬರು ಎದುರಿಗಿರುವುದನ್ನೂ ಮರೆತು ಬಾಯಿ ಬಿಟ್ಟುಕೊಂಡು ನಿಂತೆ.

ಹೊಸ ಕೊಳವೆಯಲ್ಲಿ ಮೆಣಸಿನಕಾಯಿ ಅಪ್ಪಟವೆಂದು ಸಾಬೀತಾಯಿತು. ವರದಿ ಹರಿದು, ಕೈ ಜೋಡಿಸಿ, ನಡೆದದ್ದೆಲ್ಲ ಹೇಳಿದೆ. ಸಾಹೇಬರು ಸಾವರಿಸಿಕೊಂಡು ನಕ್ಕರು. "ಓಗ್ಲಿ ಬುಡಿ ಸಾರ್, ತಾಯಿ ತೊಳ್ದಿದ್ದು ತಾನೇ?" ಎನ್ನುತ್ತಾ ಗೋಡೆಯ ಕಡೆ ನೋಡಿದರು. ಅಲ್ಲಿ ದಪ್ಪಕ್ಷರದ ಚೀಟಿಯೊಂದಿತ್ತು: 'ಮೊದಲು ಖಾಲಿ ಕೊಳವೆ ಪರೀಕ್ಷಿಸಿ'. ಅವರು ಅದನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದರು. ಕೆಳಗಿದ್ದ ನನ್ನ ಸಹಿಯನ್ನೂ ಓದಿದರು.