ಅಪ್ಪನ ಎಂಟು, ಅಂಗಡಿಯ ಎಂಟು

ಸನ್ಮಾನ್ಯ ಹೊಸ ಫೀಲರ್ ಗೇಜ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ನಮ್ಮ ಶೆಡ್ಡಿನ ಟೂಲ್ ಬಾಕ್ಸಿನಲ್ಲಿ ತಾವು ಕ್ಷೇಮವಾಗಿ ಮಲಗಿರುವಿರೆಂದೂ, ತಮ್ಮ ಹದಿಮೂರು ಅಲಗುಗಳೂ ತುಕ್ಕಿನ ಸೋಂಕಿಲ್ಲದೆ ಹೊಳೆಯುತ್ತಿವೆಯೆಂದೂ ನಂಬಿ, ಈ ಪತ್ರವನ್ನು ಎಲ್ಲರೂ ಓದಲೆಂದು ಶೆಡ್ಡಿನ ಬಾಗಿಲಿಗೇ ಅಂಟಿಸುತ್ತಿದ್ದೇನೆ. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದು ಎಷ್ಟಗಲವೆಂದು ಅಳೆದು ಹೇಳುವುದು ತಮ್ಮ ಉದ್ಯೋಗ. ಅದನ್ನು ತಾವು ಕೂದಲೆಳೆಯಷ್ಟೂ ತಪ್ಪಿಲ್ಲದೆ ಮಾಡಿದಿರಿ, ನನ್ನ ದೂರು ಅದೇ.

ನಮ್ಮ ಹಳೇ ಪೆಟ್ರೋಲ್ ಟ್ರಕ್ಕಿಗೆ ನಾನು ಟರ್ಬೊ ಹಾಕಿಸಿದ್ದು ಚಂದಕ್ಕಲ್ಲ, ಗುಡ್ಡದ ಮೇಲಿನ ಡೇರಿಗೆ ಹಾಲಿನ ಕ್ಯಾನು ಸಾಗಿಸುವ ಕೆಲಸ ಹಿಡಿಯಲು. ತುಂಬಿದ ಅರವತ್ತು ಕ್ಯಾನು ಹೊತ್ತು ನಲವತ್ತು ನಿಮಿಷದಲ್ಲಿ ಏರು ಹತ್ತಿ ತೋರಿಸಬೇಕೆಂಬುದು ಡೇರಿಯ ಮೇಲ್ವಿಚಾರಕರ ಷರತ್ತು. ಹತ್ತದಿದ್ದರೆ ಟ್ರಕ್ಕನ್ನು ಗುಜರಿಗೆ ಹಾಕಬೇಕೆಂಬುದು ನಮ್ಮಣ್ಣನ ಷರತ್ತು. ಪ್ಲಗ್ಗಿಗಾಗಿ ಮೂರು ಅಂಗಡಿ ಸುತ್ತಿ, ಡಬ್ಬಿಯ ಬಣ್ಣವನ್ನೇ ಹೊಗಳುವವರಿಂದ ತಪ್ಪಿಸಿಕೊಂಡು, ಬಿಸಿಯನ್ನು ಬೇಗ ಹೊರಗೆ ಕಳಿಸುವ, ನಮ್ಮ ಕಸುಬಿನವರು ‘ತಂಪು’ ಎನ್ನುವ ಜಾತಿಯ ಆರು ಪ್ಲಗ್ ತಂದೆ. ನಲವತ್ತು ವರ್ಷ ಇದೇ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದು, ಈಗ ಕಣ್ಣು ಮಂಜಾಗಿ ಮೂಲೆಯ ಮಂಚದಿಂದಲೇ ದರ್ಬಾರು ನಡೆಸುವ ನಮ್ಮಪ್ಪ ಅವನ್ನು ಬೆರಳಲ್ಲಿ ಸವರಿ, ಆಯ್ಕೆ ಸರಿಯಿದೆ ಎಂದರು. ಟರ್ಬೊ ಎಂಜಿನ್ನಿಗೆ ಗ್ಯಾಪ್ ಎಷ್ಟಿಡಲಿ ಎಂದು ಕೇಳಿದೆ. ಎಂಟು ಇಡು ಎಂದರು, ಅಂದರೆ ಒಂದು ಮಿಲಿಮೀಟರನ್ನು ಹತ್ತು ಪಾಲು ಮಾಡಿ ಅದರಲ್ಲಿ ಎಂಟು. ಜೊತೆಗೆ ಮೂವತ್ತು ವರ್ಷ ಬಳಸಿದ್ದ ಹಳೇ ಗೇಜನ್ನೂ ಚಾಚಿದರು. ಅಲಗು ಕಪ್ಪಾಗಿ ಅಂಕಿ ಅಳಿಸಿಹೋದ ಆ ಮುದುಕನ ಪಕ್ಕದಲ್ಲಿ ತಾವು ಫಳಫಳ ಹೊಳೆಯುತ್ತಿದ್ದಿರಿ. ನೀವಿನ್ನು ಆರಾಮಾಗಿರಿ ಅಪ್ಪಾ ಎಂದು ಅದನ್ನು ಗುಜರಿ ಡಬ್ಬಕ್ಕೆ ಹಾಕಿದವಳು ನಾನೇ.

ತಾವು ಎಂಟೆಂದರೆ ಎಂಟೇ ಇಟ್ಟುಕೊಟ್ಟಿರಿ. ಏರಿನ ಮೂರನೇ ತಿರುವಿನವರೆಗೂ ತಮ್ಮ ಕೀರ್ತಿಗೆ ಕುಂದಿರಲಿಲ್ಲ. ಅಲ್ಲಿ ನಾನು ಆಕ್ಸಿಲರೇಟರ್ ಪೂರ್ತಿ ಒತ್ತಿ, ಟರ್ಬೊ ಸಿಲಿಂಡರಿನೊಳಗೆ ಗಾಳಿಯನ್ನು ಗಿಡಿದು ತುಂಬಿದ್ದೇ ತಡ, ಆ ಒತ್ತಡದಲ್ಲಿ ಅಷ್ಟಗಲದ ಸಂದು ದಾಟಲಾರದೆ ಕಿಡಿ ಆರಿಹೋಗಿ, ಎಂಜಿನ್ ನಾಲ್ಕು ಸಲ ಕೆಮ್ಮಿ ನಿಂತೇಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಮೇಲ್ವಿಚಾರಕರು ಗಡಿಯಾರ ನೋಡಿ, ಗುರುವಾರ ಇನ್ನೊಂದೇ ಅವಕಾಶ ಎಂದು ಹೇಳಿ, ಇಳಿದು ನಡೆದುಕೊಂಡೇ ಹೋದರು.

ಮನೆಗೆ ಬಂದವಳೇ, ನೀವು ಹೇಳಿದಷ್ಟೇ ಇಟ್ಟಿದ್ದೆನಲ್ಲ ಎಂದು ಅಪ್ಪನ ಮೇಲೆ ಹರಿಹಾಯ್ದೆ. ಅಪ್ಪ ಸಿಟ್ಟಾಗಲಿಲ್ಲ, ಯಾವುದರಲ್ಲಿ ಅಳೆದೆ ಎಂದಷ್ಟೇ ಕೇಳಿದರು. ತಮ್ಮ ಹೆಸರು ಹೇಳಿದೆ.

“ನನ್ನ ಎಂಟು ಅಂದ್ರೆ ನನ್ನ ಎಂಟು ಕಣೇ, ಅಂಗಡಿಯವರದ್ದಲ್ಲ” ಎಂದರು.

ಗುಜರಿ ಡಬ್ಬ ತಡಕಿ ಹಳೇ ಗೇಜನ್ನು ಹೊರತೆಗೆದು ಲೇತ್ ಅಂಗಡಿಯಲ್ಲಿ ಅಳೆಸಿದೆ. ಮೂವತ್ತು ವರ್ಷ ಪಿಸ್ಟನ್ನುಗಳ ಮಸಿ ಕೆರೆದು, ಎಮರಿ ಕಾಗದದಲ್ಲಿ ತುಕ್ಕು ಉಜ್ಜಿಸಿಕೊಂಡು, ಎಂಟರ ಅಲಗು ಆರೂವರೆಗೆ ಇಳಿದಿತ್ತು. ಅದು ಅಪ್ಪನಿಗೆ ಲೆಕ್ಕದಲ್ಲಿ ಗೊತ್ತಿತ್ತೋ ಇಲ್ಲವೋ, ಬೆರಳಿಗಂತೂ ಗೊತ್ತಿತ್ತು. ನನಗೆ ತುಂಬ ನಾಚಿಕೆಯಾಯಿತು. ಬುಧವಾರ ಅವರೇ ಮಂಚದ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಆ ಸವೆದ ಅಲಗನ್ನು ಒಂದೊಂದು ಪ್ಲಗ್ಗಿನಲ್ಲೂ ಎಳೆದು ನೋಡಿ, ತುದಿಯನ್ನು ಮೆಲ್ಲಗೆ ಕುಟ್ಟಿ ಗ್ಯಾಪ್ ಇಟ್ಟರು. ಗುರುವಾರ ಟ್ರಕ್ಕು ಮೂವತ್ತನಾಲ್ಕು ನಿಮಿಷದಲ್ಲಿ ಗುಡ್ಡ ಹತ್ತಿತು. ಕೆಲಸ ನಮ್ಮದಾಯಿತು, ಅಣ್ಣ ಗುಜರಿಯ ಮಾತು ನಿಲ್ಲಿಸಿದ್ದಾನೆ.

ಆದುದರಿಂದ, ಇನ್ನು ಮುಂದೆ ಎಂಟು ಎಂದು ಘೋಷಿಸುವ ಮೊದಲು ಅದು ಯಾರ ಎಂಟು ಎಂದು ತಾವು ದಯಮಾಡಿ ವಿಚಾರಿಸಬೇಕಾಗಿ ಕೋರುತ್ತೇನೆ. ಆರೂವರೆಗೆ ಇಡುವುದು ತಮ್ಮಿಂದಲೂ ಆಗುತ್ತದೆಂದು ಬಲ್ಲೆ. ಆದರೆ ನಾಳೆ ಬೇರೆ ಎಂಜಿನ್ ಬಂದಾಗ ಎಷ್ಟಿಡಬೇಕೆಂದು ತಮಗೂ ತಿಳಿಯದು, ನನಗೂ ತಿಳಿಯದು. ಅಲಗು ಸಂದಿನಲ್ಲಿ ಜಾರುವಾಗ ಅಪ್ಪನ ಬೆರಳಿಗೆ ಹತ್ತುವ ಆ ಸಣ್ಣ ಬಿಗಿಯನ್ನೇ ತಮ್ಮ ಕಾರ್ಖಾನೆಯವರು ಹದಿನಾಲ್ಕನೆಯ ಅಲಗಾಗಿ ಮಾಡಿ ಕಳಿಸಲಿ. ಅಪ್ಪನ ಕೈ ನಡುಗಲು ಶುರುವಾಗಿದೆ, ಆದ್ದರಿಂದ ಸ್ವಲ್ಪ ಬೇಗ ಕಳಿಸಲಿ.

ತಮ್ಮ ನಿಖರತೆಗೆ ತಲೆಬಾಗಿ ಮೂರನೇ ತಿರುವಿನಲ್ಲಿ ನಿಂತ,
ತಮ್ಮ ವಿಶ್ವಾಸಿ,
ಟ್ರಕ್ಕಿನ ಒಡತಿ

ತಾ.ಕ.: ನಿನ್ನೆ ಅಪ್ಪ ತಮ್ಮನ್ನು ನನ್ನಿಂದ ಕೇಳಿ ತೆಗೆದುಕೊಂಡಾಗ, ಕೊನೆಗೂ ರಾಜಿಯಾಯಿತೆಂದು ಹಿಗ್ಗಿದೆ. ಹೋಗಿ ನೋಡಿದರೆ ತಮ್ಮ ಎಂಟರ ಅಲಗಿನಿಂದ ಹಳೇ ಪಿಸ್ಟನ್ನಿನ ಮಸಿ ಕೆರೆಯುತ್ತಿದ್ದರು. ಹೀಗೇ ಮುಂದುವರಿದರೆ ಮೂವತ್ತು ವರ್ಷದಲ್ಲಿ ತಾವೂ ನಮ್ಮ ಮನೆಗೆ ಹೊಂದಿಕೊಳ್ಳುವಿರಿ. ತಡೆಯಲು ಹೋದ ನನಗೆ ಅಪ್ಪ ಹೇಳಿದ್ದಿಷ್ಟು: “ಶುರು ಮಾಡಿ ಕೊಡ್ತೀನಿ. ಉಳಿದಿದ್ದು ನೀನು ಸವೆಸು.”