ಎರಡು ಮೂತಿಯ ಹಡಗು

ನಮ್ಮ ಹಡಗುಕಟ್ಟೆಯಲ್ಲಿ ಕಟ್ಟಲಾದ ನೂರ ಹನ್ನೊಂದನೇ ಹಡಗಿಗೆ ಎರಡು ಮುಂಭಾಗಗಳಿದ್ದು, ಹಿಂಭಾಗ ಇರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ನಗುವವರು ನಗಲಿ. ನಾನು ನಕ್ಷೆ ವಿಭಾಗದ ಗುಮಾಸ್ತ. ಅದರ ಪ್ರತಿಯೊಂದು ನಕ್ಷೆಗೂ ಮೊಹರು ಒತ್ತಿದ ಕೈ ಇದೇ.

ಈಗಿನ ಹಡಗನ್ನು ಒಂದೇ ಜಾಗದಲ್ಲಿ ಕೂತು ಕಟ್ಟುವುದಿಲ್ಲ. ಕಂಪ್ಯೂಟರಿನಲ್ಲಿ ಪೂರ್ತಿ ಬರೆದು, ತುಂಡು ತುಂಡಾಗಿ ಶೆಡ್ಡುಗಳಿಗೆ ಹಂಚುತ್ತಾರೆ. ಪ್ರತಿ ಶೆಡ್ಡೂ ತನ್ನ ತುಂಡನ್ನು ಪೈಪು, ತಂತಿ, ಬಣ್ಣ ಸಮೇತ ಮುಗಿಸುತ್ತದೆ. ಆಮೇಲೆ ದೊಡ್ಡ ಕ್ರೇನು ಅವನ್ನೆಲ್ಲ ತಂದು ಸಾಲಾಗಿ ಕೂರಿಸುತ್ತದೆ, ವೆಲ್ಡರುಗಳು ಬೆಸೆಯುತ್ತಾರೆ. ಕೊನೆಯ ಬೆಸುಗೆ ನೋಡಿ 'ಎಲ್ಲ ಸರಿಯಿದೆ' ಎಂದು ಸಹಿ ಹಾಕಬೇಕಾದವರು ಹಿರಿಯ ವೆಲ್ಡರ್. ಅವರು ನನ್ನ ಹೆಂಡತಿ.

ಉದ್ಘಾಟನೆಯ ದಿನ ಗಣ್ಯರು ನಿಲ್ಲುವುದು ಹಡಗಿನ ಮೂತಿಯ ಮುಂದೆ. ಮೂತಿ ಕಟ್ಟಿದ ಶೆಡ್ಡಿನ ಮುಖ್ಯಸ್ಥನಿಗೆ ಪದಕ, ಫೋಟೋ, ಬಡ್ತಿ. ಹಿಂಭಾಗ ಕಟ್ಟಿದವನಿಗೆ ಊಟದ ಚೀಟಿ. ಈ ಸಲ ಆ ಎರಡು ಶೆಡ್ಡುಗಳ ಮುಖ್ಯಸ್ಥರು ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು.

"ನಾನು ಅವನ ಹಿಂಭಾಗ ಕಟ್ಟಿದೆ ಅಂದ್ರೆ ನನ್ನ ಹೆಂಡ್ತಿ ಅವಳ ಅಕ್ಕನಿಗೆ ಮುಖ ಹೇಗೆ ತೋರಿಸ್ತಾಳೆ ಸಾರ್?" ಎಂದು ಕಿರಿಯವರು ನ್ಯಾಯವಾಗಿಯೇ ಕೇಳಿದರು. ವಿನ್ಯಾಸ ವಿಭಾಗದ ಸಾಹೇಬರು ಸಂಸಾರವಂದಿಗರು. ಮನಸ್ಸು ಕರಗಿ ಇಬ್ಬರಿಗೂ ಮೂತಿಯನ್ನೇ ಮಂಜೂರು ಮಾಡಿದರು. ಕಂಪ್ಯೂಟರು ಕೆಂಪು ಗುರುತು ತೋರಿಸಿತು. ಸಭೆ ಸೇರಿ, ಇನ್ನು ಮುಂದೆ ತಪ್ಪುಗಳನ್ನು ಹಸಿರು ಬಣ್ಣದಲ್ಲಿ ತೋರಿಸತಕ್ಕದ್ದೆಂದು ತೀರ್ಮಾನಿಸಲಾಯಿತು.

ತುಂಡುಗಳು ಬಂದು ಕೂತ ದಿನ ನನ್ನ ಹೆಂಡತಿ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು. ಮುಖದ ಕವಚ ಎತ್ತಿದಳು.

"ಹಡಗು ತಳ್ಳೋ ಪ್ರೊಪೆಲ್ಲರ್ ಎಲ್ಲಿ ಕೂರಿಸ್ಲಿ ಸಾರ್, ನಿಮ್ಮ ತಲೆ ಮೇಲಾ?"

"ಅದು ಹಿಂಭಾಗಕ್ಕೆ ಸಂಬಂಧಿಸಿದ್ದು," ಎಂದರು ಸಾಹೇಬರು. "ಹಿಂಭಾಗವೇ ಇಲ್ಲದ ಮೇಲೆ ಆ ಪ್ರಶ್ನೆ ಉದ್ಭವಿಸುವುದಿಲ್ಲ."

"ಹಾಗಾದ್ರೆ ನನ್ನ ಸಹಿಯೂ ಉದ್ಭವಿಸಲ್ಲ," ಎಂದು ಅವಳು ಮನೆಗೆ ಬಂದುಬಿಟ್ಟಳು.

ಮರುದಿನವೇ ಸುತ್ತೋಲೆ ಬಂತು: 'ಸಹಿ ಆಗದಿದ್ದಲ್ಲಿ, ಹಿಂಭಾಗ ಕಟ್ಟಲು ಮೂರು ವರ್ಷ ಬೇಕಾಗುವುದರಿಂದ, ಸದರಿ ಹಡಗಿನ ಸಿಬ್ಬಂದಿಯ ನೇಮಕಾತಿಯನ್ನು ರದ್ದುಪಡಿಸಲಾಗುವುದು.' ಸದರಿ ಸಿಬ್ಬಂದಿಯಲ್ಲಿ ಇಂಜಿನಿಯರ್ ನಮ್ಮ ಮಗಳು. ಚಿಕ್ಕಂದಿನಿಂದ ಸಮುದ್ರ ಸಮುದ್ರ ಅಂತ ಜೀವ ತಿಂದವಳು. ಓದು ಮುಗಿಸಿ ನಾಲ್ಕು ವರ್ಷ ಈ ಒಂದು ಹಡಗಿಗಾಗಿ ಕಾದಿದ್ದಳು.

"ಅಮ್ಮಾ, ಸಹಿ ಹಾಕ್ಬಿಡು."

"ಅದು ಹೋಗಲ್ಲ ಕಣೇ!"

"ಗೊತ್ತು. ಇವರ ಮೂರು ವರ್ಷ ಅಂದ್ರೆ ಹನ್ನೆರಡು. ಮೊದ್ಲು ನಾನು ಒಳಗೆ ಹೋಗ್ತೀನಿ. ಆಮೇಲೆ ಜಗಳ ಆಡಿಯಾದ್ರೂ ಪ್ರೊಪೆಲ್ಲರ್ ಹಾಕಿಸಿ, ಹೊರಡಿಸಿಯೇ ಹೊರಡಿಸ್ತೀನಿ."

ಬೆಂಕಿಯ ಮುಂದೆ ಮೂವತ್ತು ವರ್ಷ ಒಂದು ತಪ್ಪು ಬೆಸುಗೆಯನ್ನೂ ಒಪ್ಪದ ಕೈ ಆ ಕಾಗದಕ್ಕೆ ಸಹಿ ಹಾಕಿತು. ಸಹಿ ಒಣಗುವ ಮೊದಲೇ ನಾನು ಮೊಹರು ಒತ್ತಿದೆ.

ಉದ್ಘಾಟನೆ ಅದ್ದೂರಿಯಾಗಿ ನಡೆಯಿತು. ಷಡ್ಡಕರಿಬ್ಬರೂ ತಂತಮ್ಮ ಮೂತಿಯ ಮುಂದೆ ನಿಂತು ಪದಕ ಪಡೆದರು. ಹಡಗು ನೀರಿಗಿಳಿದು ಸೊಗಸಾಗಿ ತೇಲಿತು. ತೇಲುತ್ತಲೇ ಉಳಿಯಿತು. "ಇದು ಎಂದೆಂದಿಗೂ ಹಿಂದೆ ಸರಿಯದ ಹಡಗು!" ಎಂದು ಗಣ್ಯರು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಮಾತು ಸುಳ್ಳೇನೂ ಅಲ್ಲ. ಸಣ್ಣ ದೋಣಿಯೊಂದು ಅದನ್ನು ನೂರು ಮೀಟರ್ ಎಳೆದು ದಡಕ್ಕೆ ಕಟ್ಟಿತು. ದಾಖಲೆಯಲ್ಲಿ ಇದನ್ನು ಪ್ರಥಮ ಯಾನ ಎಂದು ನಮೂದಿಸಲಾಗಿದೆ.

ಮಗಳು ಕೊಟ್ಟ ಮಾತಿನಂತೆ ವಾರಕ್ಕೊಂದು ದೂರು ಬರೆದಳು. ಅವೆಲ್ಲ ನನ್ನ ಮೇಜಿಗೇ ಬಂದವು. 'ಪರಿಶೀಲನೆಯಲ್ಲಿದೆ' ಎಂದು ಒತ್ತಿ ಕಳಿಸಿದೆ. ಎರಡನೇ ವರ್ಷ ತಿಂಗಳಿಗೊಂದು ಬಂತು. ಮೂರನೇ ವರ್ಷ ಬರಲಿಲ್ಲ. ಹೋದ ವಾರ ಅವಳಿಗೆ ಮುಖ್ಯ ಇಂಜಿನಿಯರ್ ಆಗಿ ಬಡ್ತಿ ಸಿಕ್ಕಿತು.

ಆ ಸಂಜೆ ಊಟಕ್ಕೆ ಕೂತಾಗ ನನ್ನ ಹೆಂಡತಿ ಕೇಳಿದಳು, "ಇಂಜಿನ್ ಹೇಗಿದೆಯೇ?"

"ಫಸ್ಟ್ ಕ್ಲಾಸ್ ಅಮ್ಮಾ. ದಿನಾ ಎಂಟು ಗಂಟೆ ಓಡುತ್ತೆ."

"ಹಡಗು ಯಾವಾಗ ಹೊರಡುತ್ತೆ?"

ಮಗಳು ತುತ್ತು ನುಂಗಿ, ನೀರು ಕುಡಿದು, ಶಾಂತವಾಗಿ ಹೇಳಿದಳು: "ಅದು ನನ್ನ ವಿಭಾಗಕ್ಕೆ ಬರಲ್ಲಮ್ಮಾ."

ನನ್ನ ಹೆಂಡತಿ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದಳು. ನನಗಂತೂ ದೊಡ್ಡ ಚಿಂತೆ ಕಳೆಯಿತು. ಹುಡುಗಿ ಇನ್ನು ಎಲ್ಲಿ ಹಾಕಿದರೂ ಬದುಕಿಕೊಳ್ಳುತ್ತಾಳೆ.